ಮಳೆ ಬೀಳದ ಮನೆಗೆ ಹನಿ ಹನಿ ನೀರು: ಹಸಿರುಮನೆಯಲ್ಲಿ ಹನಿ ನೀರಾವರಿ ಅಳವಡಿಕೆ ಹೇಗೆ?

ಬಯಲು ಹೊಲದಲ್ಲಿ ಹನಿ ನೀರಾವರಿ ಎರಡು ದಿನ ಕೈಕೊಟ್ಟರೂ ರೈತನಿಗೆ ಮಳೆಯ ಆಸರೆಯ ನಿರೀಕ್ಷೆಯಾದರೂ ಇರುತ್ತದೆ. ಪಾಲಿಥಿನ್ ಹೊದಿಕೆಯ ಹಸಿರುಮನೆಯಲ್ಲಿ ಅಂತಹ ನಿರೀಕ್ಷೆಗೆ ಎಡೆಯಿಲ್ಲ. ಹೊರಗೆ ಕುಂಭದ್ರೋಣ ಮಳೆ ಸುರಿದರೂ ಒಳಗಿನ ಗಿಡಕ್ಕೆ ಒಂದು ತೊಟ್ಟು ಸಿಗುವುದಿಲ್ಲ. ಅದು ಕುಡಿಯುವ ನೀರು, ಉಣ್ಣುವ ಗೊಬ್ಬರ ಎರಡೂ ಬರಬೇಕಾದುದು 16 ಮಿ.ಮೀ. ದಪ್ಪದ ಒಂದು ಕಪ್ಪು ಕೊಳವೆಯಿಂದ. ಆದ್ದರಿಂದಲೇ ಹಸಿರುಮನೆಯ ಹನಿ ನೀರಾವರಿಯನ್ನು ಕೊಳವೆ ಎಳೆದು ಮುಗಿಸುವ ಕೆಲಸವೆಂದು ತಿಳಿಯುವುದು ದುಬಾರಿಯಾದೀತು. ನೀರಿನ ಗುಣ ತಿಳಿದು, ಅದನ್ನು ಸೋಸಿ, ಅಳೆದು ಕೊಡುವ ವ್ಯವಸ್ಥೆ ಅದಾಗಬೇಕು.

ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಮುತ್ತ ಕಳೆದ ಎರಡು ದಶಕಗಳಲ್ಲಿ ಪಾಲಿಹೌಸ್‌ಗಳು ಹೆಚ್ಚಿವೆ. ಬೆಂಗಳೂರಿನ ಅಂಗಡಿಗಳಲ್ಲಿ ಕಾಣುವ ಕೆಂಪು, ಹಳದಿ ಬಣ್ಣದ ದೊಣ್ಣೆ ಮೆಣಸಿನಕಾಯಿ, ಮದುವೆ ಮಂಟಪಗಳ ಜರ್ಬೆರಾ, ಹೂಗುಚ್ಛಗಳ ಗುಲಾಬಿಯಲ್ಲಿ ಬಹುಪಾಲು ಇಂತಹ ಹೊದಿಕೆಗಳ ಅಡಿಯಲ್ಲಿ ಬೆಳೆದವು. ನಗರದ ಉದ್ಯೋಗದ ಜತೆಗೆ ಊರಿನ ಜಮೀನಿನಲ್ಲಿ ಹಸಿರುಮನೆ ಕಟ್ಟಿಸುವವರೂ ಇದ್ದಾರೆ. ಆದರೆ ಈ ಭಾಗ ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿದ ನಾಡು. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಪರೂಪವಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ನೀರು ಹರಿಸಲಾರಂಭಿಸಿದ್ದು ಇಲ್ಲಿನ ಅಂತರ್ಜಲ ಮರುಪೂರಣಕ್ಕಾಗಿಯೇ. ಇಂತಹ ಕಡೆ ನೀರು ಎಷ್ಟಿದೆ ಎಂಬ ಪ್ರಶ್ನೆಯಷ್ಟೇ ಅದು ಎಂಥದ್ದು ಎಂಬ ಪ್ರಶ್ನೆಯೂ ಮುಖ್ಯ.

ಹನಿ ನೀರಾವರಿಯ ಆಧುನಿಕ ರೂಪ ಬಂದದ್ದು ಇಸ್ರೇಲಿನಿಂದ. ಸೋರುವ ಕೊಳವೆಯ ಬಳಿಯ ಮರವೊಂದು ಉಳಿದವುಗಳಿಗಿಂತ ಸೊಂಪಾಗಿ ಬೆಳೆದುದನ್ನು 1930ರ ದಶಕದಲ್ಲಿ ಗಮನಿಸಿದ ಜಲ ಎಂಜಿನಿಯರ್ ಸಿಂಚಾ ಬ್ಲಾಸ್ ಮುಂದೆ ಪ್ಲಾಸ್ಟಿಕ್ ಡ್ರಿಪ್ಪರ್ ರೂಪಿಸಿದರು. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಕಿಬ್ಬುಟ್ಜ್‌ನಲ್ಲಿ ಅದರ ತಯಾರಿಕೆಗೆ ಕಂಪನಿ ಹುಟ್ಟಿಕೊಂಡಿತು. ಡ್ರಿಪ್ಪರ್‌ನೊಳಗಿನ ಅಂಕುಡೊಂಕಾದ ಕಿರುದಾರಿಯಲ್ಲಿ ನೀರು ತನ್ನ ಒತ್ತಡ ಕಳೆದುಕೊಂಡು ಹನಿಯಾಗಿ ಹೊರಬರುತ್ತದೆ. ಆ ಕಿರುದಾರಿಯ ಅಗಲ ಒಂದು ಮಿಲಿಮೀಟರ್ ಆಸುಪಾಸು. ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಅಲ್ಲೇ ಇದೆ.

ಮೊದಲ ಹೆಜ್ಜೆ ನೀರಿನ ಪರೀಕ್ಷೆ

ಪಂಪು, ಕೊಳವೆಗಳ ದರಪಟ್ಟಿ ತರಿಸುವ ಮೊದಲು ಒಂದು ಲೀಟರ್ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಸರಿಯಾದ ಕ್ರಮ. ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂತಹ ಕಡೆ ಈ ಬಗ್ಗೆ ವಿಚಾರಿಸಬಹುದು. ಪಂಪನ್ನು ಅರ್ಧ ತಾಸಾದರೂ ಓಡಿಸಿದ ಬಳಿಕ, ಅದೇ ನೀರಿನಲ್ಲಿ ತೊಳೆದ ಸ್ವಚ್ಛ ಬಾಟಲಿಯಲ್ಲಿ ಮಾದರಿ ಹಿಡಿಯಬೇಕು. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದ್ದರೆ ಹಳೆಯ ವರದಿ ಪ್ರಯೋಜನಕ್ಕೆ ಬಾರದು.

ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದವು ನಾಲ್ಕು: ಪಿಎಚ್ ಅಂದರೆ ರಸಸಾರ, ಲವಣಾಂಶವನ್ನು ಸೂಚಿಸುವ ವಿದ್ಯುತ್ ವಾಹಕತೆ, ಗಡಸುತನ ಮತ್ತು ಕಬ್ಬಿಣದ ಅಂಶ. ರಸಸಾರ 7ರ ಒಳಗಿದ್ದರೆ ಡ್ರಿಪ್ಪರ್ ಕಟ್ಟುವ ಭಯ ಕಡಿಮೆ, 8 ದಾಟಿದರೆ ಹೆಚ್ಚು. ಗಡಸು ನೀರಿನ ಸುಣ್ಣದ ಅಂಶ ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ಡ್ರಿಪ್ಪರ್‌ನಲ್ಲೂ ಬಿಳಿ ಗಟ್ಟಿಪದರವಾಗಿ ಕಟ್ಟುತ್ತದೆ. ಕಬ್ಬಿಣ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಗಾಳಿ ಸೋಂಕಿದೊಡನೆ ತುಕ್ಕು ಬಣ್ಣದ ಕೆಸರಾಗಿ ಕಿರುದಾರಿಗಳನ್ನು ಮುಚ್ಚುವ ಅಪಾಯ ತೀವ್ರ. ಅಂತಹ ನೀರನ್ನು ತೊಟ್ಟಿಗೆ ಎತ್ತರದಿಂದ ಬೀಳಿಸಿ, ಗಾಳಿಯಾಡಿಸಿ, ಕೆಸರು ತಳಕ್ಕಿಳಿದ ಮೇಲೆ ಬಳಸಬೇಕಾಗುತ್ತದೆ.

ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 3 ದಾಟಿದರೆ ಬಹುತೇಕ ಬೆಳೆಗಳಿಗೆ ತೊಂದರೆ. ನಡುವಿನ ನೀರನ್ನು ಬಳಸಬಹುದಾದರೂ ಲೆಕ್ಕವಿಟ್ಟು ಬಳಸಬೇಕು. ಆ ಲೆಕ್ಕ ಮುಂದೆ ಬರಲಿದೆ.

10 ಗುಂಟೆಯ ಲೆಕ್ಕ

ಉದಾಹರಣೆಗೆ 40 ಮೀಟರ್ ಉದ್ದ, 25 ಮೀಟರ್ ಅಗಲದ ಹಸಿರುಮನೆಯನ್ನು ತೆಗೆದುಕೊಳ್ಳೋಣ. ಅದು 1,000 ಚದರ ಮೀಟರ್, ಹೆಚ್ಚುಕಡಿಮೆ 10 ಗುಂಟೆ. ಬೆಳೆ ದೊಣ್ಣೆ ಮೆಣಸಿನಕಾಯಿ. ಒಂದು ಮೀಟರ್ ಅಗಲದ ಏರುಮಡಿ, ನಡುವೆ ಅರ್ಧ ಮೀಟರ್ ಓಡಾಟದ ದಾರಿ ಎಂದಾದರೆ ಸುಮಾರು 38 ಮೀಟರ್ ಉದ್ದದ 16 ಮಡಿಗಳು ಹಿಡಿಸುತ್ತವೆ. ಪ್ರತಿ ಮಡಿಯಲ್ಲಿ ಎರಡು ಸಾಲು, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿಟ್ಟರೆ ಒಟ್ಟು 4,000 ಗಿಡಗಳಾಗುತ್ತವೆ.

ಮಡಿಗೊಂದು ಲ್ಯಾಟರಲ್ ಕೊಳವೆಯನ್ನು ಎರಡು ಸಾಲುಗಳ ನಡುವೆ ಎಳೆಯುವುದು ವಾಡಿಕೆ. ಡ್ರಿಪ್ಪರ್‌ಗಳು ಕಾರ್ಖಾನೆಯಲ್ಲೇ ಒಳಗೆ ಕೂಡಿಸಿ ಬಂದಿರುವ ಇನ್‌ಲೈನ್ ಕೊಳವೆ ಇದಕ್ಕೆ ಸೂಕ್ತ. ಪ್ರತಿ 30 ಸೆಂ.ಮೀ.ಗೆ ಒಂದರಂತೆ, ತಾಸಿಗೆ 2 ಲೀಟರ್ ಸುರಿಸುವ ಡ್ರಿಪ್ಪರ್ ಆಯ್ದರೆ ಒಂದು ಮಡಿಗೆ ಸುಮಾರು 125, ಇಡೀ ಮನೆಗೆ 2,000 ಡ್ರಿಪ್ಪರ್‌ಗಳು. ಎಲ್ಲವೂ ಒಮ್ಮೆಲೇ ತೆರೆದಾಗ ತಾಸಿಗೆ 4,000 ಲೀಟರ್ ನೀರು ಬೇಕು. ಪಂಪು, ಫಿಲ್ಟರ್, ಉಪಮುಖ್ಯ ಕೊಳವೆ ಎಲ್ಲದರ ಗಾತ್ರ ನಿರ್ಧಾರವಾಗುವುದು ಈ ಒಂದು ಅಂಕಿಯಿಂದ.

ಇನ್ನು ದಿನದ ಬೇಡಿಕೆ. ಹಸಿರುಮನೆಯ ದೊಣ್ಣೆ ಮೆಣಸಿನಕಾಯಿಗೆ ಹವೆ ಮತ್ತು ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಚದರ ಮೀಟರಿಗೆ ದಿನಕ್ಕೆ 2ರಿಂದ 4 ಲೀಟರ್ ನೀರು ಸಾಕು. ಅಂದರೆ 10 ಗುಂಟೆಗೆ 2,000ದಿಂದ 4,000 ಲೀಟರ್. ಗಿಡವೊಂದಕ್ಕೆ ಅರ್ಧದಿಂದ ಒಂದು ಲೀಟರ್. ವ್ಯವಸ್ಥೆ ಓಡಬೇಕಾದುದು ದಿನಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮಾತ್ರ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ಹಿಡಿದರೆ, ಸರಾಸರಿ 3,000 ಲೀಟರ್ ಎಂಬುದು ನಾಲ್ಕು ಜನರ ಐದಾರು ಕುಟುಂಬಗಳ ಬಳಕೆಗೆ ಸಮ.

ತೊಟ್ಟಿ ಮತ್ತು ಪಂಪು

ಹಳ್ಳಿಗಳಲ್ಲಿ ನೀರಾವರಿ ಪಂಪ್‌ಸೆಟ್‌ಗಳಿಗೆ ತ್ರಿಫೇಸ್ ವಿದ್ಯುತ್ ಸಿಗುವುದು ದಿನದ ಕೆಲವು ತಾಸು, ಅದೂ ಹಲವೊಮ್ಮೆ ರಾತ್ರಿ ಹೊತ್ತು. ಗಿಡಕ್ಕೆ ನೀರು ಬೇಕಾದುದು ಹಗಲಿನಲ್ಲಿ. ಆದ್ದರಿಂದ ಕೊಳವೆಬಾವಿಯನ್ನು ನೇರವಾಗಿ ಹನಿ ಕೊಳವೆಗೆ ಜೋಡಿಸದೆ ನಡುವೆ ತೊಟ್ಟಿಯೊಂದನ್ನು ಕಟ್ಟಿಸುವುದು ಜಾಣತನ. ಮೂರು ದಿನದ ನೀರು, ಅಂದರೆ 10,000ದಿಂದ 12,000 ಲೀಟರ್ ಹಿಡಿಯುವ ತೊಟ್ಟಿಯಿದ್ದರೆ ಮೋಟಾರು ಸುಟ್ಟರೂ ರಿಪೇರಿಗೆ ವೇಳೆ ಸಿಗುತ್ತದೆ. ತೊಟ್ಟಿಗೆ ಬಿಸಿಲು ಬೀಳದಂತೆ ಮುಚ್ಚಳ ಬೇಕು; ಬೆಳಕು ಸೋಕಿದ ನೀರಿನಲ್ಲಿ ಪಾಚಿ ಬೆಳೆಯುತ್ತದೆ.

ತೊಟ್ಟಿಯಿಂದ ಹನಿ ಕೊಳವೆಗೆ ನೀರು ತಳ್ಳಲು 1 ಅಶ್ವಶಕ್ತಿಯ ಸಣ್ಣ ಮಾನೊಬ್ಲಾಕ್ ಪಂಪು ಸಾಮಾನ್ಯವಾಗಿ ಸಾಕಾಗುತ್ತದೆ. ಡ್ರಿಪ್ಪರ್ ಬಳಿ ಚದರ ಸೆಂಟಿಮೀಟರಿಗೆ 1 ಕಿಲೋ, ಅಂದರೆ 10 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಇರಬೇಕು. ಫಿಲ್ಟರ್, ಗೊಬ್ಬರದ ಉಪಕರಣ, ಕೊಳವೆಗಳಲ್ಲಿ ನಷ್ಟವಾಗುವ ಒತ್ತಡ ಸೇರಿಸಿದರೆ ತಾಸಿಗೆ 4,000 ಲೀಟರನ್ನು 25 ಮೀಟರ್ ಎತ್ತರಕ್ಕೆ ಒಯ್ಯಬಲ್ಲ ಪಂಪು ಬೇಕು. ಅಂಗಡಿಯಲ್ಲಿ ಅಶ್ವಶಕ್ತಿಯನ್ನಷ್ಟೇ ಕೇಳದೆ ಈ ಎರಡು ಅಂಕಿಗಳನ್ನು ಹೇಳಿ ಪಂಪು ಆರಿಸಬೇಕು.

ಉಳಿತಾಯ ಸಲ್ಲದ ಕಡೆ: ಫಿಲ್ಟರ್

ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಫಿಲ್ಟರ್‌ಗೆ. ಹಸಿರುಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಮತ್ತೊಂದಿಲ್ಲ. ಯಾವ ನೀರಿಗೆ ಯಾವ ಫಿಲ್ಟರ್ ಎಂಬುದು ಸರಳ. ಕೊಳವೆಬಾವಿಯ ನೀರಿನಲ್ಲಿ ಮರಳು ಬರುತ್ತಿದ್ದರೆ ನೀರನ್ನು ಸುಳಿಯಂತೆ ತಿರುಗಿಸಿ ಮರಳನ್ನು ತಳಕ್ಕಿಳಿಸುವ ಹೈಡ್ರೋಸೈಕ್ಲೋನ್ ಬೇಕು. ಕೃಷಿ ಹೊಂಡ ಅಥವಾ ತೆರೆದ ತೊಟ್ಟಿಯ ನೀರಾದರೆ ಪಾಚಿ, ಕಸ ತಡೆಯಲು ಮರಳಿನ ಫಿಲ್ಟರ್ ಕಡ್ಡಾಯ. ಇವೆರಡರಲ್ಲಿ ಯಾವುದಿದ್ದರೂ ಕೊನೆಯಲ್ಲಿ 120 ಮೆಶ್, ಅಂದರೆ ಸುಮಾರು 130 ಮೈಕ್ರಾನ್ ಜಾಲರಿಯ ಅಥವಾ ಡಿಸ್ಕ್ ಮಾದರಿಯ ಫಿಲ್ಟರ್ ಇರಲೇಬೇಕು. ಡಿಸ್ಕ್ ಫಿಲ್ಟರ್ ಪಾಚಿಯನ್ನೂ ಚೆನ್ನಾಗಿ ಹಿಡಿಯುತ್ತದೆ.

ಫಿಲ್ಟರಿನ ಎರಡೂ ಬದಿಗೆ ಒತ್ತಡಮಾಪಕ ಕೂಡಿಸಬೇಕು. ನೀರು ಒಳಬರುವ ಮತ್ತು ಹೊರಹೋಗುವ ಒತ್ತಡಗಳ ವ್ಯತ್ಯಾಸ ಅರ್ಧ ಕಿಲೋ ಮುಟ್ಟಿತೆಂದರೆ ಫಿಲ್ಟರ್ ತೊಳೆಯುವ ಹೊತ್ತು ಬಂತೆಂದೇ ಅರ್ಥ. ವಾರಕ್ಕೊಮ್ಮೆ ಎಂಬ ವಾಡಿಕೆಗಿಂತ ಮಾಪಕದ ಮುಳ್ಳು ಹೇಳುವ ಮಾತು ನಂಬಲರ್ಹ.

ರಸಾವರಿ: ನೀರಿನೊಡನೆ ಗೊಬ್ಬರ

ನೀರಿನಲ್ಲಿ ಕರಗುವ ಗೊಬ್ಬರವನ್ನು ಹನಿಯೊಂದಿಗೆ ಬೇರಿಗೆ ತಲುಪಿಸುವ ಪದ್ಧತಿಗೆ ರಸಾವರಿ ಎಂದು ಹೆಸರು. ಸಣ್ಣ ಹಸಿರುಮನೆಗೆ ವೆಂಚುರಿ ಎಂಬ ಅಗ್ಗದ ಉಪಕರಣ ಸಾಕು. ಕಿರಿದಾದ ಕಂಠದ ಮೂಲಕ ನೀರು ರಭಸದಿಂದ ಹರಿದಾಗ ಅಲ್ಲಿ ಒತ್ತಡ ಕುಸಿದು, ಬಕೆಟ್ಟಿನಲ್ಲಿರುವ ಗೊಬ್ಬರದ ದ್ರಾವಣ ತಾನೇ ಮೇಲೆ ಹೀರಲ್ಪಡುತ್ತದೆ.

ಜೋಡಣೆಯಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು, ಕರಗದೆ ಉಳಿದ ಹರಳುಗಳು ಡ್ರಿಪ್ಪರ್ ಸೇರದಂತೆ ವೆಂಚುರಿಯನ್ನು ಜಾಲರಿ ಅಥವಾ ಡಿಸ್ಕ್ ಫಿಲ್ಟರಿಗೆ ಮೊದಲೇ ಕೂಡಿಸಬೇಕು. ಎರಡು, ಪಂಪು ನಿಂತಾಗ ಗೊಬ್ಬರದ ನೀರು ತೊಟ್ಟಿಗೋ ಕೊಳವೆಬಾವಿಗೋ ಹಿಮ್ಮರಳದಂತೆ ಏಕಮುಖ ಕವಾಟ ಬೇಕು.

ಬೆರಕೆಯಲ್ಲೂ ಜಾಗ್ರತೆ ಅಗತ್ಯ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರದ ಗಾಢ ದ್ರಾವಣದೊಂದಿಗೆ ಒಂದೇ ಬಕೆಟ್ಟಿಗೆ ಹಾಕಿದರೆ ಜಿಪ್ಸಂ ಇಲ್ಲವೇ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಗಟ್ಟಿಗೊಂಡು ತಳ ಸೇರುತ್ತದೆ. ಹಣ ಕೊಟ್ಟು ತಂದ ಗೊಬ್ಬರ ಗಿಡಕ್ಕೆ ದಕ್ಕದು, ಡ್ರಿಪ್ಪರೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇವನ್ನು ಬೇರೆ ಬೇರೆ ಬಕೆಟ್ಟುಗಳಲ್ಲಿ ಕರಗಿಸಿ ಬೇರೆ ಬೇರೆ ದಿನ ಕೊಡಬೇಕು. ಪ್ರತಿ ಬಾರಿಯೂ ಮೊದಲು ಬರಿ ನೀರು, ನಡುವೆ ಗೊಬ್ಬರ, ಕೊನೆಗೆ ಮತ್ತೆ ಬರಿ ನೀರು ಎಂಬ ಕ್ರಮ ಪಾಲಿಸಬೇಕು.

ಕೊಳವೆಗಳ ಜೋಡಣೆ

ಮಡಿಗಳ ತಲೆಭಾಗದಲ್ಲಿ ಅಡ್ಡಲಾಗಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ 50 ಮಿ.ಮೀ. ಪಿವಿಸಿ ಉಪಮುಖ್ಯ ಕೊಳವೆಯನ್ನು ಹೂಳಬೇಕು. ಅದರ ಆರಂಭದಲ್ಲಿ ಕವಾಟ, ತುದಿಯಲ್ಲಿ ತೊಳೆದುಬಿಡಲು ಫ್ಲಶ್ ವಾಲ್ವ್ ಇರಲಿ. ಪ್ರತಿ ಮಡಿಯ ನೇರಕ್ಕೆ ರಂಧ್ರ ಕೊರೆದು, ರಬ್ಬರ್ ಗ್ರಾಮೆಟ್ ಕೂಡಿಸಿ ಲ್ಯಾಟರಲ್ ಸಿಕ್ಕಿಸಲಾಗುತ್ತದೆ. ಕೊರೆದಾಗ ಉದುರುವ ಪ್ಲಾಸ್ಟಿಕ್ ಚೂರುಗಳು ಹೊಸ ವ್ಯವಸ್ಥೆಯ ಮೊದಲ ಶತ್ರು. ಆದ್ದರಿಂದ ಲ್ಯಾಟರಲ್‌ಗಳ ತುದಿ ಮುಚ್ಚುವ ಮುನ್ನ ಮುಖ್ಯ ಕೊಳವೆ, ಬಳಿಕ ಉಪಮುಖ್ಯ ಕೊಳವೆ, ಕೊನೆಗೆ ಒಂದೊಂದಾಗಿ ಲ್ಯಾಟರಲ್‌ಗಳನ್ನು ತಿಳಿನೀರು ಬರುವವರೆಗೂ ಹರಿಯಬಿಟ್ಟು ತೊಳೆಯಬೇಕು.

ಲ್ಯಾಟರಲ್ ಎಳೆಯುವಾಗ ಡ್ರಿಪ್ಪರ್ ರಂಧ್ರ ಮೇಲ್ಮುಖವಾಗಿರಬೇಕು. ಕೆಳಮುಖವಾದರೆ ಕೊಳವೆಯ ತಳದಲ್ಲಿ ಕೂರುವ ಮಡ್ಡಿ ರಂಧ್ರಕ್ಕೆ ಇಳಿಯುತ್ತದೆ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಕೊಳವೆಯನ್ನು ಬಿಗಿಯಾಗಿ ಎಳೆಯದೆ ಕೊಂಚ ಸಡಿಲ ಬಿಡಬೇಕು. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 13488 ಗುರುತು ಇನ್‌ಲೈನ್ ಕೊಳವೆಯ ಮೇಲಿದೆಯೇ ಎಂದು ನೋಡುವುದು ಒಳಿತು. ನೆಲ ಮಟ್ಟಸವಾಗಿದ್ದು ಮಡಿ 40 ಮೀಟರ್ ಒಳಗಿದ್ದರೆ ಸಾಮಾನ್ಯ ಡ್ರಿಪ್ಪರ್ ಸಾಕು. ಇಳಿಜಾರಿದ್ದರೆ ಒತ್ತಡ ಏರಿಳಿದರೂ ಒಂದೇ ಪ್ರಮಾಣದ ನೀರು ಕೊಡುವ ಒತ್ತಡ ಸಮತೋಲನದ ಡ್ರಿಪ್ಪರ್ ಬೇಕಾಗುತ್ತದೆ.

ಲೋಟದ ಪರೀಕ್ಷೆ

ಏರುಮಡಿಯ ಮೇಲೆ ಹೊದಿಕೆ ಹಾಳೆ ಹಾಸಿದ ನಂತರ ಡ್ರಿಪ್ಪರ್ ಕಣ್ಣಿಗೆ ಬೀಳದು. ಕಟ್ಟಿಕೊಂಡ ಡ್ರಿಪ್ಪರ್ ಇದೆಯೆಂದು ತಿಳಿಯುವುದು ಗಿಡ ಬಾಡಿದ ಮೇಲೆಯೇ. ಹೀಗಾಗಿ ಹಾಳೆ ಹಾಸುವ ಮುನ್ನವೇ ಅಳತೆಯ ಪರೀಕ್ಷೆ ನಡೆಯಬೇಕು.

ಇದಕ್ಕೆ ಬೇಕಾದುದು 16 ಲೋಟ, ಒಂದು ಗಡಿಯಾರ, ಒಂದು ಅಳತೆಪಾತ್ರೆ. ಮೊದಲ ಮಡಿ, ಕೊನೆಯ ಮಡಿ, ನಡುವಿನ ಎರಡು ಮಡಿ ಹೀಗೆ ನಾಲ್ಕನ್ನು ಆರಿಸಿ, ಪ್ರತಿಯೊಂದರಲ್ಲೂ ತಲೆ, ತುದಿ ಮತ್ತು ನಡುವಿನ ಎರಡು ಕಡೆ ಡ್ರಿಪ್ಪರ್ ಅಡಿ ಮಣ್ಣು ತೆಗೆದು ಲೋಟ ಇಡಬೇಕು. ತಾಸಿಗೆ 2 ಲೀಟರಿನ ಡ್ರಿಪ್ಪರ್ ಆರು ನಿಮಿಷದಲ್ಲಿ 200 ಮಿ.ಲೀ. ನೀಡಬೇಕು. ಹದಿನಾರರಲ್ಲಿ ಅತಿ ಕಡಿಮೆ ತುಂಬಿದ ನಾಲ್ಕು ಲೋಟಗಳ ಸರಾಸರಿ, ಒಟ್ಟು ಸರಾಸರಿಯ ಶೇ 90ರಷ್ಟಿದ್ದರೆ ವ್ಯವಸ್ಥೆ ಚೆನ್ನಾಗಿದೆ ಎಂದರ್ಥ. ಶೇ 80ಕ್ಕಿಂತ ಕೆಳಗಿಳಿದರೆ ಒತ್ತಡದಲ್ಲೋ ಫಿಲ್ಟರ್‌ನಲ್ಲೋ ದೋಷವಿದೆ. ಗುತ್ತಿಗೆದಾರರಿಗೆ ಕೊನೆಯ ಕಂತು ಪಾವತಿಸುವ ಮುನ್ನವೇ ಈ ಪರೀಕ್ಷೆ ಮಾಡಿಸಿಕೊಂಡರೆ ಮುಂದಿನ ತಕರಾರು ತಪ್ಪುತ್ತದೆ. ಪ್ರತಿ ಬೆಳೆಯ ಕೊನೆಗೂ ಇದನ್ನು ಮತ್ತೆ ಮಾಡಬೇಕು.

ಯಾವಾಗ, ಎಷ್ಟು?

ದಿನದ ನೀರನ್ನು ಒಮ್ಮೆಲೇ ಕೊಡದೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದೊಳಗೆ ಒಮ್ಮೆ ಎಂದು ಹಂಚಿಕೊಡುವುದು ಉತ್ತಮ. ಬೇಸಿಗೆಯಲ್ಲಿ ಮೂರು ಕಂತಾದರೂ ಸರಿ. ಸಂಜೆಯ ನೀರು ರಾತ್ರಿಯ ತೇವ ಹೆಚ್ಚಿಸಿ ರೋಗಕ್ಕೆ ಎಡೆ ಮಾಡೀತು. ಮೋಡ ಕವಿದ ದಿನ ಗಿಡದ ಬೇಡಿಕೆ ಕುಗ್ಗುವುದರಿಂದ ನೀರನ್ನೂ ಇಳಿಸಬೇಕು. ಬೇರಿನ ಆಳದ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿದಾಗ ಉಂಡೆಯಾಗಬೇಕು, ಆದರೆ ನೀರು ಜಿನುಗಬಾರದು.

ಹೆಚ್ಚು ನೀರು ಕೊಟ್ಟರೆ ನಷ್ಟವಿಲ್ಲ ಎಂಬ ಭಾವನೆ ತಪ್ಪು. ಕೆಸರಾದ ಮಡಿಯಲ್ಲಿ ಬೇರಿಗೆ ಗಾಳಿ ಸಿಗದೆ ಬುಡ ಕೊಳೆ ರೋಗ ಕಾಣಿಸಿಕೊಳ್ಳುತ್ತದೆ. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೆ ಕ್ಯಾಲ್ಸಿಯಂ ಪೂರೈಕೆ ಏರುಪೇರಾಗಿ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅಂತಹ ಕಾಯಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಕಾಣದ ಹೊರೆ: ಐದೂವರೆ ಕ್ವಿಂಟಲ್ ಲವಣ

ನೀರಿನ ವಿದ್ಯುತ್ ವಾಹಕತೆ 1 ಡೆಸಿಸೀಮೆನ್ಸ್ ಇದೆಯೆಂದರೆ ಪ್ರತಿ ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಲವಣ ಕರಗಿದೆ ಎಂದು ಲೆಕ್ಕ. ಕುಡಿದರೆ ಅಷ್ಟಾಗಿ ಉಪ್ಪೆನಿಸದ ನೀರು ಅದು. ದಿನಕ್ಕೆ 3,000 ಲೀಟರಿನಂತೆ ವರ್ಷದಲ್ಲಿ 300 ದಿನ ಹರಿಸಿದರೆ 9 ಲಕ್ಷ ಲೀಟರ್. ಅದರೊಂದಿಗೆ 10 ಗುಂಟೆಯ ಮಣ್ಣಿಗೆ ಸೇರುವ ಲವಣ ಸುಮಾರು 575 ಕಿಲೋ, ಅಂದರೆ ಐದೂವರೆ ಕ್ವಿಂಟಲಿಗೂ ಹೆಚ್ಚು! ಹಾಕಿದ ಗೊಬ್ಬರದ ಉಳಿಕೆ ಇದಕ್ಕೆ ಹೊರತು.

ಬಯಲಿನಲ್ಲಾದರೆ ಒಂದು ಒಳ್ಳೆಯ ಮಳೆ ಇದರಲ್ಲಿ ಬಹುಪಾಲನ್ನು ಬೇರಿನಾಚೆಗೆ ತೊಳೆದೊಯ್ಯುತ್ತದೆ. ಹಸಿರುಮನೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಗಿಡ ತನಗೆ ಬೇಕಾದಷ್ಟನ್ನು ಹೀರುತ್ತದೆ, ಉಳಿದ ಲವಣ ಮಣ್ಣಿನಲ್ಲೇ ಕೂರುತ್ತದೆ. ಮಡಿಯ ಅಂಚಿನಲ್ಲಿ ಬಿಳಿ ಪುಡಿ ಕಾಣಿಸುವುದು, ಎಲೆಯಂಚು ಸುಟ್ಟಂತಾಗುವುದು, ನೀರಿದ್ದರೂ ಗಿಡ ಸೊರಗುವುದು ಇದರ ಲಕ್ಷಣ. ಮೊದಲ ಎರಡು ಬೆಳೆ ಚೆನ್ನಾಗಿ ಬಂದು ಮೂರನೆಯದರಲ್ಲಿ ಇಳುವರಿ ಕುಸಿದರೆ ಬಿತ್ತನೆ ಬೀಜವನ್ನು ದೂರುವ ಮುನ್ನ ಮಣ್ಣಿನ ಲವಣಾಂಶ ಪರೀಕ್ಷಿಸಬೇಕು.

ಪರಿಹಾರವಿದೆ. ಬೆಳೆಗಳ ನಡುವಿನ ಬಿಡುವಿನಲ್ಲಿ ಗೊಬ್ಬರವಿಲ್ಲದ ನೀರು ಹೆಚ್ಚಾಗಿ ಹಾಯಿಸಿ ಮಡಿಯನ್ನು ತೊಳೆಯಬಹುದು. ಬಸಿದು ಹೋಗಲು ದಾರಿಯಿರಬೇಕಷ್ಟೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಚಾವಣಿಯ ಹಾಳೆ ಬದಲಿಸುವಾಗ, ಮಳೆಗಾಲದಲ್ಲಿ ಕೆಲವು ವಾರ ಮನೆಯನ್ನು ತೆರೆದಿಟ್ಟರೆ ಮಳೆಯೇ ಈ ಕೆಲಸ ಮಾಡುತ್ತದೆ.

ಡ್ರಿಪ್ಪರ್‌ನಲ್ಲಿ ಸುಣ್ಣ ಕಟ್ಟಿದರೆ ಆಮ್ಲ, ಪಾಚಿ ಅಥವಾ ಲೋಳೆ ಕಟ್ಟಿದರೆ ಕ್ಲೋರಿನ್ ಉಪಚಾರ ರೂಢಿಯಲ್ಲಿದೆ. ಪ್ರಮಾಣವನ್ನು ನೀರಿನ ವರದಿ ನೋಡಿ ತಜ್ಞರೇ ನಿರ್ಧರಿಸಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಎರಡು ಉಪಚಾರಗಳನ್ನೂ ಒಟ್ಟಿಗೆ ಮಾಡಲೇಬಾರದು. ಆಮ್ಲ ಮತ್ತು ಕ್ಲೋರಿನ್ ದ್ರಾವಣ ಬೆರೆತರೆ ವಿಷಾನಿಲ ಏಳುತ್ತದೆ.

ಚಾವಣಿಯೇ ಜಲಮೂಲ

ಮಳೆಯನ್ನು ತಡೆಯುವ ಹೊದಿಕೆಯೇ ಮಳೆ ಹಿಡಿಯುವ ಬೊಗಸೆಯೂ ಆಗಬಲ್ಲದು. ಕೋಲಾರದಂತಹ ಕಡೆ ವರ್ಷಕ್ಕೆ 700 ಮಿ.ಮೀ. ಮಳೆ ಎಂದು ಹಿಡಿದರೆ 1,000 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 7 ಲಕ್ಷ ಲೀಟರ್. ಶೇ 80ರಷ್ಟನ್ನು ದೋಣಿಗಳ ಮೂಲಕ ಹಿಡಿದರೂ 5.6 ಲಕ್ಷ ಲೀಟರ್ ಸಿಗುತ್ತದೆ. ಇದು ವರ್ಷದ ಬೇಡಿಕೆಯ ಅರ್ಧಕ್ಕಿಂತ ಹೆಚ್ಚು. ಹೊಂಡದಿಂದ ಆವಿಯಾಗುವ ಪಾಲನ್ನು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಅದಕ್ಕಿಂತ ದೊಡ್ಡ ಲಾಭವೆಂದರೆ ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಬಾವಿಯ ನೀರಿಗೆ ಸಮಪಾಲು ಮಳೆನೀರು ಬೆರೆಸಿದರೆ ಲವಣದ ಹೊರೆ ಅರ್ಧಕ್ಕಿಳಿಯುತ್ತದೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳು 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದಾಗಿ ರಾಜ್ಯದ ರೈತರಿಗೆ ಪರಿಚಿತ. ಹೊಂಡದ ನೀರಿಗೆ ಮರಳಿನ ಫಿಲ್ಟರ್ ಬೇಕೆಂಬುದನ್ನು ಮರೆಯಬಾರದು. ಜಾರುವ ಹಾಳೆಯ ಹೊಂಡಕ್ಕೆ ಬಿದ್ದವರು ಮೇಲೆ ಬರಲಾರರು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು.

ಹನಿ ನೀರಾವರಿಯಿಂದ ಉಳಿದ ನೀರು ತಾನಾಗಿ ಅಂತರ್ಜಲಕ್ಕೆ ಮರಳುವುದಿಲ್ಲ. ಉಳಿದ ನೀರಿನಲ್ಲಿ ಇನ್ನೊಂದು ಹಸಿರುಮನೆ ಎದ್ದರೆ ಕೊಳವೆಬಾವಿಯ ಹೊರೆ ಮೊದಲಿನಷ್ಟೇ ಆಗುತ್ತದೆ. ಚಾವಣಿಯ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಉಳಿತಾಯ ನೆಲದೊಳಗೂ ಕಾಣಿಸೀತು.

ಹನಿ ನೀರಾವರಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ 55, ಇತರರಿಗೆ ಶೇ 45ರ ಸಹಾಯಧನ ನಿಗದಿಯಾಗಿದ್ದು, ರಾಜ್ಯ ತನ್ನ ಪಾಲನ್ನು ಸೇರಿಸುತ್ತದೆ. ಹಸಿರುಮನೆ ನಿರ್ಮಾಣಕ್ಕೂ ತೋಟಗಾರಿಕೆ ಇಲಾಖೆಯ ಮೂಲಕ ಪ್ರತ್ಯೇಕ ನೆರವು ಲಭ್ಯ. ಮಿತಿ ಮತ್ತು ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಆಸಕ್ತರು ಸಾಮಗ್ರಿ ಖರೀದಿಗೆ ಮೊದಲೇ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿ ಅರ್ಜಿ ಸಲ್ಲಿಸುವುದು ಸೂಕ್ತ. ಹೋಗುವಾಗ ಪಹಣಿಯೊಂದಿಗೆ ನೀರಿನ ಪರೀಕ್ಷಾ ವರದಿಯೂ ಕೈಯಲ್ಲಿರಲಿ.